ಟರ್ಬೋಗೆ ಬಿಗಿದ ದ್ರಾಕ್ಷಿ ತಂತಿ

ನಮ್ಮ ಯಜಮಾನರು ನಮ್ಮೂರು ಇಂಡಿಯಲ್ಲಿ ನಿಂಬೆಹಣ್ಣು ಸಾಗಿಸುವ ಡೀಸೆಲ್ ಪಿಕಪ್ ಓಡಿಸುತ್ತಾರೆ. ಗಾಡಿ ಹೊಸದಾಗಿ ಬಂದಾಗ ಬಾನೆಟ್ ಎತ್ತಿ ನನಗೆ ಟರ್ಬೋ ತೋರಿಸಿದ್ದರು. ಎಂಜಿನ್ನಿನ ಹೊಗೆ ಹೊರಗೆ ಹೋಗುವ ಮುಂಚೆ ಒಂದು ಚಕ್ರ ತಿರುಗಿಸುತ್ತದಂತೆ. ಆ ಚಕ್ರ ಎಂಜಿನ್ನಿನೊಳಗೆ ಗಾಳಿ ಒತ್ತುತ್ತದೆ, ಗಾಳಿ ಹೆಚ್ಚಿದಷ್ಟೂ ಗಾಡಿ ಜೋರಾಗಿ ಜಗ್ಗುತ್ತದೆ. ಆದರೆ ಒತ್ತಡ ಮಿತಿ ಮೀರಬಾರದು, ಮೀರಿದರೆ ಎಂಜಿನ್ನೇ ಒಡೆಯುತ್ತದೆ. ಅದಕ್ಕೇ ಪಕ್ಕದಲ್ಲೊಂದು ಸಣ್ಣ ಕದ, ಹೆಸರು ವೇಸ್ಟ್‌ಗೇಟ್. ಒತ್ತಡ ಏರಿದಾಗ ಒಂದು ಸರಳು ತಾನಾಗಿ ಸರಿದು ಕದ ತೆರೆಯುತ್ತದೆ, ಹೆಚ್ಚಿನ ಹೊಗೆ ಚಕ್ರ ಮುಟ್ಟದೆ ಹೊರಟುಹೋಗುತ್ತದೆ. ಕುಕ್ಕರಿನ ಸೀಟಿ ಇದ್ದ ಹಾಗೆ ಎಂದಿದ್ದರು. ನನಗೆ ತಿಳಿಯಿತು. ಹೇಳಿಕೊಟ್ಟವರೇ ಮರೆತರು, ಏನು ಹೇಳಲಿ.

ನಿಂಬೆ ಸುಗ್ಗಿಯಲ್ಲಿ ಮಾರುಕಟ್ಟೆಗೆ ಮೊದಲು ಬಂದ ಡ್ರೈವರನಿಗೆ ಉಳಿದವರು ಚಹಾ ಕುಡಿಸುವುದು ನಮ್ಮ ಗಾಡಿ ಸ್ಟ್ಯಾಂಡಿನ ರೂಢಿ. ಆ ಅರ್ಧ ಕಪ್ ಚಹಾಕ್ಕಾಗಿ ಈ ಗಂಡಸರು ಮಾಡದ ಹುಚ್ಚಾಟವಿಲ್ಲ. ಯಾವನೋ ಒಬ್ಬ ದ್ರಾಕ್ಷಿ ಚಪ್ಪರದ ತಂತಿ ತಂದು, ಆ ಸರಳು ಅಲುಗಾಡದಂತೆ ಬಿಗಿದ. ಕದ ತೆರೆಯಲಿಲ್ಲ, ಅಗರಖೇಡ ಹಳ್ಳಿಯಿಂದ ನಿಂಬೆ ತುಂಬಿದ ಗಾಡಿ ಖಾಲಿ ಗಾಡಿಯಂತೆ ಹಾರಿಕೊಂಡು ಬಂತು. ಆಮೇಲೆ ಒಬ್ಬರನ್ನು ನೋಡಿ ಒಬ್ಬರು ಬಿಗಿದರು, ನಮ್ಮವರೂ ಬಿಗಿದರು. ಕೇಳಿದರೆ, ಸುಗ್ಗಿ ಮುಗಿದ ಮೇಲೆ ಬಿಚ್ಚುತ್ತೇನೆ ಎಂದರು. ಸುಗ್ಗಿ ಮುಗಿದರೂ ತಂತಿ ಹಾಗೇ ಇತ್ತು, ಚಹಾದ ಪೈಪೋಟಿಯೂ ನಿಂತಿರಲಿಲ್ಲ.

ಮಗಳನ್ನು ಸಿಂದಗಿ ಆಚೆಯ ಯಂಕಂಚಿಗೆ ಕೊಟ್ಟಿದ್ದೆವು. ಒಂದು ಬಸಿರು ನಿಂತಿರಲಿಲ್ಲ, ಇದು ಎರಡನೆಯದು. ಸೀಮಂತದ ಕುಬಸ ಮುಗಿಸಿ ಬಾಣಂತನಕ್ಕೆ ಮನೆಗೆ ಕರೆತರಬೇಕಿತ್ತು. ನಿಧಾನ ಕರೆದೊಯ್ಯಿರಿ ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ಮಗಳು ಕೂಡುವ ಗಾಡಿ, ತಂತಿ ಬಿಚ್ಚಿ ಅಂತ ಕೈಮುಗಿದು ಹೇಳಿದೆ. ಹೂಂ ಅಂದರು. ಹೊರಡುವ ದಿನ ಬೆಳಿಗ್ಗೆ ಬಾನೆಟ್ ಎತ್ತಿದರೆ ತಂತಿ ಅಲ್ಲೇ! ಸಿಟ್ಟು ನೆತ್ತಿಗೇರಿತು. ಇಕ್ಕಳ ತಂದು ನಾನೇ ಕತ್ತರಿಸಿ ಒಗೆದೆ, ಅವರಿಗೆ ಹೇಳಲಿಲ್ಲ.

ಹೋಗುವಾಗ ಗಾಡಿ ಖಾಲಿ, ಅವರಿಗೆ ಗೊತ್ತಾಗಲಿಲ್ಲ. ಬರುವಾಗ ಮಾತ್ರ ನಾನು ಬೇಡವೆಂದರೂ ಹಿಂದೆ ತೊಗರಿ ಚೀಲ ಹೇರಿಸಿದರು. ಸಿಂದಗಿ ದಾಟಿದ ಮೇಲೆ ಒಂದು ಏರಿನಲ್ಲಿ ನಮ್ಮ ಸ್ಟ್ಯಾಂಡಿನದೇ ಗಾಡಿಯೊಂದು ಹಾರ್ನ್ ಬಾರಿಸುತ್ತ, ಕೈ ಬೀಸುತ್ತ ನಮ್ಮನ್ನು ಹಿಂದೆ ಹಾಕಿತು. ಇವರು ಎಷ್ಟು ತುಳಿದರೂ ನಮ್ಮ ಗಾಡಿ ಜಗ್ಗಲಿಲ್ಲ. ನಿಲ್ಲಿಸಿ ಬಾನೆಟ್ ಎತ್ತಿದರು. ನನ್ನ ಮುಖ ನೋಡಿದರು. ಸೀಟಿನ ಕೆಳಗಿಂದ ಬೇರೆ ತಂತಿ ತೆಗೆದು, ಕೈಗೆ ಬಟ್ಟೆ ಸುತ್ತಿಕೊಂಡು ಬಿಗಿಯತೊಡಗಿದರು.

ಮಗಳು ಕಿಟಕಿಯಿಂದ ಹೇಳಿದಳು: "ಅಪ್ಪಾ, ಒಳಗ ನಾ ಕುಂತೇನಿ. ಅದನ್ನ ಬಿಡು, ಸಾವಕಾಶ ಹೋಗೂಣು."

"ಇಂಡಿ ಮುಟ್ಟೂತನಕ ಅಷ್ಟ ಸುಮ್ಮ ಕೂಡವ್ವಾ. ಆ ಮುಂದ ಹೋದವನ್ನ ಹಿಡೀತೇನಿ" ಎಂದರು.

ಅವಳು ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಇಳಿದಳು. ಸಾಮಾನಿನ ಚೀಲ ತೆಗೆದುಕೊಂಡು ನಾನೂ ಇಳಿದೆ. ಬಸ್ಸಿಗೆ ಬರುತ್ತೇವೆ, ನೀವು ಹೋಗಿ ಎಂದೆ. ಬೇಡ ಅನ್ನುತ್ತಾರೆಂದು ಕಾದೆ. ಎರಡು ಸಲ ಹಾರ್ನ್ ಮಾಡಿದರು, ನಾವು ಅಲುಗಾಡಲಿಲ್ಲ. ಹೊರಟೇ ಹೋದರು. ಬಸುರಿ ಮಗಳನ್ನು ಬಿಸಿಲಲ್ಲಿ ನಿಲ್ಲಿಸಿ ಹೋಗುವಷ್ಟು ಹಿರಿದಾಗಿತ್ತೇ ಆ ಚಹಾ!

ಇಂಡಿ ಬಸ್ಸು ಬಂತು, ಕೂಡಲು ಜಾಗವೂ ಸಿಕ್ಕಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ರಸ್ತೆ ಬದಿಗೆ ನಮ್ಮ ಗಾಡಿ ಕಂಡಿತು. ಬಾನೆಟ್ ತೆರೆದಿತ್ತು, ಬಿಳಿ ಹಬೆ ಏಳುತ್ತಿತ್ತು, ಎಂಜಿನ್ ಕೆಳಗೆ ಆಯಿಲ್ ಸುರಿದಿತ್ತು. ಅವರು ಕೈ ಅಡ್ಡ ಮಾಡಿ ಬಸ್ಸು ನಿಲ್ಲಿಸಿ ಹತ್ತಿದರು. ನಮ್ಮನ್ನು ನೋಡಿ ಹತ್ತಿರ ಬಂದು, "ಎಂಜಿನ್ ಹೋತು" ಎಂದರು.

ನಮ್ಮದು ಮೂವರು ಕೂಡುವ ಸೀಟು, ಅಂಚಿನಲ್ಲಿ ಚೀಲವಿತ್ತು. ಎತ್ತಿಕೊಳ್ಳಲು ಕೈ ಚಾಚಿದೆ. ಮಗಳು ನನ್ನ ಕೈ ಹಿಡಿದು ತಡೆದಳು. ಇಂಡಿ ಬರುವ ತನಕ ಅವರು ನಿಂತೇ ಬಂದರು.