ಐವತ್ತೆರಡರಲ್ಲಿ ತೇಲಿದ್ದು

ನಾನು ಹುಟ್ಟಿದ್ದು ಕೋಡಿಬಾಗದಲ್ಲಿ. ಅಂಗಳ ದಾಟಿದರೆ ಕಾಳಿ ನದಿ, ಅದರಾಚೆ ಸಮುದ್ರ. ಆದರೆ ವಯಸ್ಸು ಐವತ್ತೆರಡಾದರೂ ನನಗೆ ಈಜು ಬರುತ್ತಿರಲಿಲ್ಲ. ಅಂಕೋಲೆಯ ಶಾಲೆಯಲ್ಲಿ ಇಪ್ಪತ್ತೈದು ವರ್ಷದಿಂದ ಭೂಗೋಳ ಕಲಿಸುವ ನಾನು ಈ ಗುಟ್ಟನ್ನು ಹೆಂಡತಿಗೆ ಮಾತ್ರ ಹೇಳಿದ್ದೆ.

ಕಳೆದ ಬೇಸಗೆ ರಜೆಯಲ್ಲಿ ಅವಳ ಒತ್ತಾಯಕ್ಕೆ ಮಣಿದು, ಪ್ರವಾಸಿಗರೆಲ್ಲ ಹೋಗುವ, ಕೋಡಿಬಾಗದೆದುರಿನ ಪುಟ್ಟ ದ್ವೀಪದಲ್ಲಿ ಎರಡು ದಿನ ಸುಮ್ಮನೆ ಬಿದ್ದುಕೊಂಡಿರಲು ಅವಳೊಂದಿಗೆ ಹೊರಟೆ. ದೋಣಿಯಲ್ಲಿ ಹುಬ್ಬಳ್ಳಿಯ ಗಂಡ ಹೆಂಡತಿ ಮತ್ತು ಎಪ್ಪತ್ತು ದಾಟಿದ ಅವರ ಅಜ್ಜಿ ಇದ್ದರು. ಅಜ್ಜಿ ಸಮುದ್ರ ನೋಡಿದ್ದು ಅದೇ ಮೊದಲು. ಯಾರೂ ಕೇಳದಿದ್ದರೂ ನಾನು ಅವರಿಗೆ ಉಬ್ಬರವಿಳಿತದ ಪಾಠ ಮಾಡಿದೆ. "ಹೆದರಬೇಡಿ, ನಾವು ನೀರಲ್ಲೇ ಬೆಳೆದವರು" ಎಂದೂ ಸೇರಿಸಿದೆ.

ದೇವಬಾಗದ ದಡ ಹಿಂದಾಗಿ ಅಲೆ ಎದ್ದದ್ದೇ ನಾನು ಪಾಠ ನಿಲ್ಲಿಸಿ ಬಾಯಿಗೆ ಕರವಸ್ತ್ರ ಒತ್ತಿಕೊಂಡೆ.

"ಮಾಸ್ತರ್ರೇ, ಹೊರಗೆ ಬಗ್ಗಿ. ಬೋಟಿನೊಳಗೆ ಬೇಡ" ಎಂದ ದೋಣಿಯವನು.

ಬಗ್ಗಿದೆ. ಬೆಳಗ್ಗೆ ತಿಂದ ಬನ್ಸ್ ಸಮುದ್ರಪಾಲಾಯಿತು. ಅಜ್ಜಿ ನನ್ನ ಬೆನ್ನು ನೀವಿದರು.

ಮರುದಿನ ಬೆಳಗ್ಗೆ, ನಮ್ಮಂತೆ ದ್ವೀಪದಲ್ಲೇ ಉಳಿದಿದ್ದ ಅಜ್ಜಿ ಕಚ್ಚೆ ಬಿಗಿದು ನೀರಿಗಿಳಿದರು. ಮೊಣಕಾಲು ಮಟ್ಟದಲ್ಲಿ ನಿಂತಿದ್ದ ನಾನು ಸೆಳೆತದ ಬಗ್ಗೆ ಎಚ್ಚರಿಸುವಷ್ಟರಲ್ಲಿ ಅವರು ಅಂಗಾತ ಮಲಗಿ ಒಣಗಿದೆಲೆಯಂತೆ ತೇಲುತ್ತಿದ್ದರು. ಚಿಕ್ಕಂದಿನಲ್ಲಿ ಊರ ಬಾವಿಯಲ್ಲಿ ಕಲಿತದ್ದಂತೆ.

"ಬರ್ರಿ ಮಾಸ್ತರ. ನೀರಾಗ ಬೆಳದವ್ರು ದಂಡಿಗ್ಯಾಕ ನಿಂತೀರಿ?"

"ಸ್ವಲ್ಪ ನೆಗಡಿ" ಎಂದೆ.

"ನೆಗಡಿಯೂ ಇಲ್ಲ, ಎಂತದೂ ಇಲ್ಲ ಅಜ್ಜಿ" ಎಂದಳು ನೆರಳಲ್ಲಿ ಕುಳಿತಿದ್ದ ಹೆಂಡತಿ. "ಅವರಿಗೆ ಈಜೂಕೆ ಬರೂದಿಲ್ಲ."

ಅಜ್ಜಿ ನಗಲಿಲ್ಲ. ಬಂದು ನನ್ನ ಕೈ ಹಿಡಿದು ಎದೆಮಟ್ಟದ ನೀರಿಗೆ ಕರೆದೊಯ್ದು, ಬೆನ್ನಡಿ ಅಂಗೈ ಕೊಟ್ಟು ಮಲಗಿಸಿದರು. ಮೂರು ಸಲ ಮುಳುಗಿ ಉಪ್ಪುನೀರು ಕುಡಿದೆ.

"ಕುತಗಿ ಸಡ್ಲ ಬಿಡ್ರಿ. ನೀರಿಗೆ ಪಾಠಾ ಹೇಳಬ್ಯಾಡ್ರಿ, ಅದು ಹೇಳಿದ್ದು ಕೇಳ್ರಿ."

ನಾಲ್ಕನೆಯ ಸಲ ಅವರು ಕೈ ತೆಗೆದದ್ದೇ ಗೊತ್ತಾಗಲಿಲ್ಲ. ಕಿವಿಗಳಲ್ಲಿ ನೀರು, ಮೇಲೆ ಬರೀ ಆಕಾಶ. ಯಾರಿಗೂ ಏನನ್ನೂ ವಿವರಿಸುವ ಅಗತ್ಯವಿರಲಿಲ್ಲ. ದಡದಲ್ಲಿ ಹೆಂಡತಿ ಕೈಯೆತ್ತಿ ಏನೋ ಕೂಗುತ್ತಿದ್ದಳು. ಮೆಚ್ಚುಗೆಯಿರಬೇಕೆಂದು ನಾನೂ ಕೈಯೆತ್ತಿದೆ, ಮುಳುಗಿದೆ.

ದಡಕ್ಕೆ ಬಂದು, ಏನು ಕೂಗಿದ್ದೆಂದು ಅವಳನ್ನು ಕೇಳಿದೆ.

"ಕಿಸೆಯಲ್ಲಿ ಮೊಬೈಲ್ ಇದ್ಯಲ್ಲ, ಅಂದೆ."

ಮೊಬೈಲ್ ಸತ್ತಿತ್ತು. ಮಧ್ಯಾಹ್ನ ಮೀನೂಟ ಮಾಡಿ ಮರದಡಿ ಗಡದ್ದಾಗಿ ಮಲಗಿದೆ. ಸಂಜೆ ಅಜ್ಜಿ ಬರುವ ಮೊದಲೇ ನಾನು ನೀರಿನಲ್ಲಿದ್ದೆ.