ಹುಣಸೆಹಣ್ಣಿನಲ್ಲಿ ತೊಳೆದ ಸಿಂಬಲ್

ನಮ್ಮ ಯಜಮಾನರಿಗೆ ಒಂದು ಕಾಯಿಲೆಯಿದೆ. ಯಾರ ಮನೆಗೆ ಊಟಕ್ಕೆ ಹೋದರೂ ಬಡಿಸುವ ಮೊದಲು ತಟ್ಟೆ ಮಗುಚಿ, ಎಲ್ಲಿ ತಯಾರಾದದ್ದೆಂದು ನೋಡುತ್ತಾರೆ. ಟಾರ್ನೀಟ್ ಬಡಾವಣೆಯಲ್ಲಿ ಗೆಳೆಯರೊಬ್ಬರ ಗೃಹಪ್ರವೇಶದ ದಿನ ಅಡುಗೆಮನೆಯ ಕಲ್ಲನ್ನು ಬೆರಳಿನಿಂದ ತಟ್ಟಿ, ಇದು ಇಟಲಿಯದಲ್ಲ ಎಂದು ತೀರ್ಪು ಕೊಟ್ಟಿದ್ದರು. ತಲೆಯ ಮೇಲೆ ಮಾರ್ಟ್‌ಗೇಜ್ ಸಾಲ ಹೊತ್ತವರ ಎದುರು ಆಡುವ ಮಾತೇ ಅದು? ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಹುಬ್ಬಳ್ಳಿ ಬಿಟ್ಟು ಮೆಲ್ಬರ್ನಿಗೆ ಬಂದರೆ ಹೋಗುತ್ತದೆಯೇ?

ನಾವಿರುವ ಕ್ರಾನ್‌ಬರ್ನ್‌ನಲ್ಲಿ ನಮ್ಮ ಪಕ್ಕದ ಮನೆಯ ಬಿಳಿಯ ಅಜ್ಜಿ ಮಾತ್ರ ಈ ಕಾಯಿಲೆಯನ್ನು ವಿದ್ಯೆಯೆಂದು ನಂಬಿದರು. ತಮ್ಮ ಚಹಾ ಕಪ್ಪನ್ನು ಇವರು ಮಗುಚಿ ನೋಡಿದ್ದನ್ನು ಕಂಡು, ಒಂದು ದಿನ ಹಳೆಯ ಸಿಂಬಲ್ ಒಂದನ್ನು ತಂದು ಇವರ ಕೈಗಿಟ್ಟರು. ಡ್ರಮ್ ಸೆಟ್ಟಿನ ಜೊತೆ ಕೋಲಿನಿಂದ ಬಾರಿಸುವ, ನಡುವೆ ತೂತಿರುವ ದೊಡ್ಡ ಕಂಚಿನ ತಾಳ. ರೊಟ್ಟಿಯ ಹಂಚಿನ ಹಾಗೆ ಕಪ್ಪಾಗಿತ್ತು.

ಅಜ್ಜಿಯ ಗಂಡ ತೀರಿಹೋಗಿದ್ದರು. ಹರೆಯದಲ್ಲಿ ಡ್ಯಾನ್ಸ್ ಹಾಲುಗಳಲ್ಲಿ ಡ್ರಮ್ ಬಾರಿಸುತ್ತಿದ್ದವರು. ತಮ್ಮಿಬ್ಬರ ಕಣ್ಣು ಮೊದಲ ಸಲ ಕೂಡಿದ ಸಂಜೆ ತಾನು ಬಾರಿಸುತ್ತಿದ್ದದ್ದು ಇದೇ ತಾಳ ಎಂದು ಕೊನೆಯವರೆಗೂ ಹೇಳಿದ್ದರಂತೆ. ಮಗಳು ಅದನ್ನು ಅಪ್ಪನ ಬುರುಡೆ ಅನ್ನುತ್ತಿದ್ದಳು. ಈಗ ಅಜ್ಜಿ ಮನೆ ಮಾರಿ ಸಿಡ್ನಿಗೆ, ಪ್ಯಾರಮಟ್ಟಾದಲ್ಲಿ ಮಗಳ ಮನೆಗೆ ಹತ್ತಿರದ ವೃದ್ಧರ ವಸತಿಗೆ ಹೊರಟಿದ್ದರು. ಅಲ್ಲಿ ಸಿಗುವುದು ಒಂದೇ ಕೋಣೆ. ಇದು ನಿಜವಾಗಿ ಅದೇ ತಾಳವಾಗಿದ್ದರೆ ಕೋಣೆಯಲ್ಲಿ ಇಟ್ಟುಕೊಳ್ಳುತ್ತೇನೆ, ಅಲ್ಲದಿದ್ದರೆ ಬೇಡ, ಪತ್ತೆ ಮಾಡಿ ಹೇಳು ಎಂದು ನಮ್ಮವರಿಗೆ ಒಪ್ಪಿಸಿ ಹೊರಟುಹೋದರು.

ಅಂದಿನಿಂದ ನಮ್ಮ ಡೈನಿಂಗ್ ಟೇಬಲ್ ಪ್ರಯೋಗಶಾಲೆಯಾಯಿತು. ಹಳೆಯ ಸಿಂಬಲ್‌ಗಳನ್ನು ಯಾರು ಯಾವಾಗ ಮಾಡಿದರೆಂದು ಗುರುತಿಸುವುದಕ್ಕೇ ಒಂದು ಆನ್‌ಲೈನ್ ಗುಂಪಿದೆ. ಜಗತ್ತಿನಲ್ಲಿ ಎಂಥೆಂಥ ಜನರಿಗೆ ಪುರುಸೊತ್ತಿದೆ ನೋಡಿ. ಅವರು ಗ್ರಾಮಿನಲ್ಲಿ ತೂಕ ಕೇಳಿದರು, ನನ್ನ ಅಡುಗೆಮನೆಯ ತಕ್ಕಡಿ ಟೇಬಲ್ಲಿಗೆ ಹೋಯಿತು. ಸುತ್ತಿಗೆ ಏಟಿನ ಗುರುತು ಕೇಳಿದರು. ಮದುವೆಯಾದಾಗಿನಿಂದ ನನ್ನ ಮುಖವನ್ನು ಒಮ್ಮೆಯೂ ಅಷ್ಟು ಹತ್ತಿರದಿಂದ ನೋಡದ ಮನುಷ್ಯ ಭೂತಗನ್ನಡಿ ಹಿಡಿದು ತಾಳದ ಮೇಲೆ ಬಗ್ಗಿದರು. ಒಬ್ಬ ಇದು ಟರ್ಕಿಯದು ಅಂದ, ಇನ್ನೊಬ್ಬ ಅಮೆರಿಕದ್ದು ಅಂದ. ಸಂಜೆಯ ಹೊತ್ತಿಗೆ ಒಬ್ಬರ ಕಣ್ಣನ್ನು ಇನ್ನೊಬ್ಬರು ಬೈಯುತ್ತಿದ್ದರು. ತಯಾರಕರ ಮುದ್ರೆ ಕಂಡರೆ ಜಗಳ ತೀರುತ್ತಿತ್ತು. ಅದರ ಅಕ್ಷರದ ಆಕಾರ ಕಾಲಕಾಲಕ್ಕೆ ಬದಲಾಗಿರುವುದರಿಂದ ವಯಸ್ಸೂ ತಿಳಿಯುತ್ತಿತ್ತು. ಆದರೆ ಮುದ್ರೆ ಕೊಳೆಯ ಅಡಿಯಲ್ಲಿ ಕೂತಿತ್ತು. ತೊಳೆಯಿರಿ ಎಂದು ನಾನಂದರೆ, ಪ್ರಾಣ ಹೋದರೂ ತೊಳೆಯಬಾರದು ಎಂದು ಟರ್ಕಿ, ಅಮೆರಿಕ ಎರಡೂ ಪಕ್ಷದವರು ಒಂದಾಗಿ ಆಣೆ ಹಾಕಿಸಿದರು. ಹಳೆಯ ಕಂಚಿನ ಕಪ್ಪಿನಲ್ಲೇ ಅದರ ಜೀವ ಇರುತ್ತದಂತೆ. ನಮ್ಮ ಕಡೆ ಅದಕ್ಕೆ ಹೊಲಸು ಅನ್ನುತ್ತಾರೆ.

ಆಗ ನಮ್ಮ ಅತ್ತೆ ಹುಬ್ಬಳ್ಳಿಯಿಂದ ಬಂದಿದ್ದರು. ದೀಪಾವಳಿ ಎದುರಿಗಿತ್ತು. ಹಬ್ಬಕ್ಕೆ ಮುಂಚೆ ಮನೆಯ ಹಿತ್ತಾಳೆ, ತಾಮ್ರ, ಕಂಚು ಅವರ ಕೈಗೆ ಸಿಕ್ಕದೆ ಉಳಿದದ್ದಿಲ್ಲ. ನಾವು ಆಫೀಸಿನಿಂದ ಬಂದಾಗ ಸಿಂಬಲ್ ದೇವರ ಮುಂದೆ ಅಂಗಾತ ಮಲಗಿ, ಹೊಟ್ಟೆಯ ತುಂಬ ಬಾಳೆಹಣ್ಣು ಇಟ್ಟುಕೊಂಡು ಬಂಗಾರದಂತೆ ಹೊಳೆಯುತ್ತಿತ್ತು. ಹುಣಸೆಹಣ್ಣು, ಉಪ್ಪು, ತೆಂಗಿನ ನಾರು ಮೂರೂ ಸೇರಿ ಕೆಲಸ ಮುಗಿಸಿದ್ದವು.

"ಇಂಥಾ ಛಲೋ ಪರಾತ ಹೊಲಸ ಮಾಡಿ ಇಟ್ಟಿದ್ರಿ," ಎಂದರು ಅತ್ತೆ, ಅದನ್ನು ಹಿಟ್ಟು ಕಲಸುವ ತಟ್ಟೆಯೆಂದುಕೊಂಡು. "ನಡಕ ಒಂದು ತೂತದ. ಯಾರಿಗರ ಕೊಟ್ಟು ಮುಚ್ಚಿಸ್ರಿ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಮ್ಮವರು ತಲೆಯ ಮೇಲೆ ಕೈ ಹೊತ್ತು ಕೂತರು. ಫೋಟೋ ಹಾಕಿದ ಮೇಲೆ ಗುಂಪಿನಲ್ಲಿ ಸೂತಕ ಶುರುವಾಯಿತು. ಒಬ್ಬ, ನಿಮ್ಮ ಮನೆಯಲ್ಲಿ ಇನ್ನು ಲೋಹ ಇಡಬೇಡಿ ಎಂದು ಬರೆದ. ಆ ಅಳುವಿನ ನಡುವೆಯೇ ಇನ್ನೊಬ್ಬ ಫೋಟೋ ಹಿಗ್ಗಿಸಿ ನೋಡಿದ. ಕೊಳೆ ಹೋದ ಜಾಗದಲ್ಲಿ ಮುದ್ರೆ ಒಂದೊಂದು ಅಕ್ಷರವೂ ಕಾಣುವ ಹಾಗೆ ನಿಂತಿತ್ತು. ಅಮೆರಿಕದ್ದೇ. ಆದರೆ ಆ ಆಕಾರದ ಅಕ್ಷರ ಅಜ್ಜಿಯ ಹರೆಯದಲ್ಲಿ ಹುಟ್ಟೇ ಇರಲಿಲ್ಲ. ಮದುವೆಯಾಗಿ, ಮಗಳು ಶಾಲೆಗೆ ಹೋಗುವ ಕಾಲಕ್ಕೆ ತಯಾರಾದ ತಾಳ ಅದು. ಟರ್ಕಿಯವರೂ ಒಪ್ಪಿದರು.

ಅಜ್ಜಿಗೆ ಹೌದು ಅದೇ ಎಂದುಬಿಡಿ, ನಿಮ್ಮ ಗಂಟೇನು ಹೋಗುತ್ತದೆ ಎಂದು ನಾನು ಎಷ್ಟು ಹೇಳಿದರೂ ಈ ಸತ್ಯ ಹರಿಶ್ಚಂದ್ರನ ತುಂಡು ಕೇಳಲಿಲ್ಲ.

"ನಂಬಿ ಕೇಳ್ಯಾರ. ಸುಳ್ಳ ಹೆಂಗ ಹೇಳ್ಲಿ?"

ಕ್ರಿಸ್‌ಮಸ್ ರಜೆಯಲ್ಲಿ ತಾಳವನ್ನು ಅತ್ತೆಯ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಕಾರಿನಲ್ಲಿ ಸಿಡ್ನಿಗೆ ಹೋದೆವು. ಅಜ್ಜಿಯ ಕೋಣೆಯಲ್ಲಿ ಮಂಚ, ಕುರ್ಚಿ, ಟಿವಿ ಬಿಟ್ಟರೆ ಒಂದು ಕಿಟಕಿ. ಮಗಳೂ ಬಂದಿದ್ದಳು. ನಮ್ಮವರು ಕೂತು ನೀರು ಕುಡಿಯುವ ಮೊದಲೇ ಹೇಳಿಬಿಟ್ಟರು. ಅಚ್ಚು, ಅಕ್ಷರ, ಕಾಲ, ಎಲ್ಲವನ್ನೂ ಆಫೀಸಿನಲ್ಲಿ ವರದಿ ಒಪ್ಪಿಸುವ ದನಿಯಲ್ಲಿ. ಅವರ ತೊಡೆ ಚಿವುಟುವಷ್ಟು ಸಿಟ್ಟು ಬಂತು ನನಗೆ. ನಾನು ಹೇಳಿರಲಿಲ್ಲವೇ ಎಂಬಂತೆ ಮಗಳು ಅಮ್ಮನನ್ನು ನೋಡಿದಳು.

ಅಜ್ಜಿ ಖಚಿತವೇ ಎಂದು ಕೇಳಿದರು. ಇವರು ಖಚಿತ ಅಂದರು. ಅಜ್ಜಿ ಮುದ್ರೆಯ ಮೇಲೆ ಬೆರಳಾಡಿಸಿದರು. ಆಮೇಲೆ ನಿಧಾನವಾಗಿ ನೆನೆಸಿಕೊಂಡರು. ಪ್ರತಿ ವರ್ಷ ಮದುವೆಯ ದಿನ ಬೆಳಗಿನ ತಿಂಡಿಯ ಹೊತ್ತಿಗೆ ಗಂಡ ಆ ತಾಳವನ್ನು ಒಮ್ಮೆ ಬಾರಿಸುತ್ತಿದ್ದರಂತೆ. ಮಗಳು ಶಾಲೆ ಸೇರಿದ ವರ್ಷ ಮಾತ್ರ ಬೆನ್ನುನೋವೆಂದು ತಾಳದ ಚೀಲವನ್ನೇ ಬಿಚ್ಚಲಿಲ್ಲ. ಮರುವರ್ಷ ಮತ್ತೆ ಬಾರಿಸಿದರು. ಹಳೆಯದು ಆ ವರ್ಷ ಸೀಳುಬಿಟ್ಟು, ಗುಟ್ಟಾಗಿ ಇದನ್ನು ತಂದಿರಬೇಕು, ಇಷ್ಟು ವರ್ಷ ಬಾಯಿ ಬಿಡಲಿಲ್ಲ ಕಳ್ಳ ಎಂದು ಅಜ್ಜಿ ನಕ್ಕರು. ನಗುತ್ತಲೇ ಕಣ್ಣು ತುಂಬಿತು.

ನಾನು ತಾಳವನ್ನು ಮತ್ತೆ ಸೀರೆಯಲ್ಲಿ ಸುತ್ತತೊಡಗಿದೆ. ಅಜ್ಜಿ ಅಂಚು ಹಿಡಿದು ತಡೆದರು.

"ಮೊದಲನೆಯದನ್ನು ಅವನು ಬ್ಯಾಂಡಿಗೆ ಅಂತ ತಗೊಂಡಿದ್ದ," ಎಂದರು ತಮ್ಮ ಇಂಗ್ಲಿಷಿನಲ್ಲಿ. "ಇದನ್ನು ನನಗೋಸ್ಕರ ತಗೊಂಡಿದ್ದಾನೆ. ಇಲ್ಲೇ ಇರಲಿ."