ಮೊಮ್ಮಗಳು ಕೇಳಿದ ಪ್ರಶ್ನೆ

ನಾನು ಅಂಚೆ ಕಚೇರಿಯ ಕೆಲಸದಿಂದ ನಿವೃತ್ತಳಾದ ಮೇಲೆ, ವಿದ್ಯಾರಣ್ಯಪುರಂನ ನಾವು ಕೆಲವು ಹೆಂಗಸರು ಸೇರಿ ಕೆಸರೆಯ ಒಂದು ಶಾಲೆಯಲ್ಲಿ ಭಾನುವಾರದ ಸನ್ನೆ ಭಾಷೆಯ ತರಗತಿ ಶುರುಮಾಡಿದೆವು. ಕಿವಿ ಕೇಳದ ಮಕ್ಕಳು ತಮ್ಮ ಶಾಲೆಯಲ್ಲಿ ಸನ್ನೆ ಕಲಿತಿರುತ್ತಾರೆ. ಮನೆಗೆ ಬಂದರೆ ಆ ಭಾಷೆ ಬಲ್ಲವರು ಒಬ್ಬರೂ ಇರುವುದಿಲ್ಲ. ಹಾಗಾಗಿ ನಮ್ಮ ತರಗತಿ ಮನೆಯವರಿಗಾಗಿ. ಕಲಿಸುತ್ತಿದ್ದವಳು ಲಷ್ಕರ್ ಮೊಹಲ್ಲಾದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಹೆಣ್ಣುಮಗಳು. ಅವಳ ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳಿಸದ ಕಾರಣ ಬಾಯಿಮಾತಿಗಿಂತ ಮೊದಲೇ ಸನ್ನೆ ಕಲಿತವಳು. ನನ್ನ ಪಾಲಿಗೆ ಬಂದದ್ದು ಬೆಂಚು ಜೋಡಿಸುವುದು, ಟೀ ಕಾಯಿಸುವುದು, ಹಿಂದೆ ಕೂತು ನಾನೂ ಕಲಿಯುವುದು.

ಮನೆಯವರನ್ನು ಒಳಗೆ ಕರೆತರುವುದೇ ಕಷ್ಟವಾಗಿತ್ತು. "ನಮ್ ಮಗಳು ನಮ್ಗೆ ಅರ್ಥ ಆಗಲ್ವಾ ಮೇಡಂ? ಊಟ, ನೀರು, ನಿದ್ದೆ, ಎಲ್ಲಾ ತೋರಿಸ್ತಾಳೆ" ಎಂದು ಒಬ್ಬ ಅಪ್ಪ ಗೇಟಿನ ಬಳಿಯೇ ಹೇಳಿ ಆಟೋ ತಿರುಗಿಸಿಕೊಂಡು ಹೋದ. ಮಗಳಿಗೆ ಹದಿನೈದರ ಪ್ರಾಯ. ಅವಳ ಜೊತೆ ಇಳಿದದ್ದು ಅವನ ತಾಯಿ. ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿದ್ದು, ಗಂಡ ತೀರಿಕೊಂಡ ಮೇಲೆ ಮಗನ ಮನೆಗೆ ಬಂದಿದ್ದ ಆ ಅಜ್ಜಿ ಮೊದಮೊದಲು ಜಗಲಿ ಬಿಟ್ಟು ಕದಲಲಿಲ್ಲ.

"ಒಳಗೆ ಬನ್ನಿ ಅಜ್ಜಿ" ಎಂದರೆ, "ನಂಗೆಲ್ಲಿ ಬತ್ತದೆ ಕಣಮ್ಮ. ಪೈರು ಕುಯ್ಯೋ ಕುಡ್ಲು ಹಿಡಿದ ಕೈ ಇದು, ಬೆರಳೇ ಮಡ್ಚಕ್ಕಾಗಲ್ಲ" ಅನ್ನುತ್ತಿದ್ದರು.

ಒಂದು ಭಾನುವಾರ ಟೀ ಕುಡಿಯಲು ಒಳಗೆ ಬಂದವರು ಅಲ್ಲೇ ಕೂತುಬಿಟ್ಟರು. ಅವರ ಸನ್ನೆಗಳು ಎಲ್ಲಿಂದೆಲ್ಲಿಗೋ ಹೋಗುತ್ತಿದ್ದವು. ಮೊಮ್ಮಗಳು ನಗುತ್ತಾ ಅವರ ಬೆರಳುಗಳನ್ನು ಒಂದೊಂದಾಗಿ ಹಿಡಿದು ಮಡಚಿ ಕೊಡುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅಜ್ಜಿ ಸಣ್ಣಪುಟ್ಟ ಮಾತು ಆಡುವಷ್ಟಾಗಿದ್ದರು. ಒಂದು ಭಾನುವಾರ ಟೀಚರ್, "ಇವತ್ತು ಮಕ್ಕಳು ಕೇಳಲಿ. ಮನೇಲಿ ಇಷ್ಟು ದಿನ ಕೇಳಕ್ಕಾಗದೆ ಇದ್ದಿದ್ದನ್ನ ಕೇಳಲಿ" ಅಂದಳು.

ಹುಡುಗಿ ಅಜ್ಜಿಯ ಕಡೆ ತಿರುಗಿ ಏನೋ ತೋರಿಸಿದಳು. ಅಜ್ಜಿಗೆ ಅರ್ಥವಾಗಲಿಲ್ಲ. ಮತ್ತೆ ತೋರಿಸಿದಳು. ತಾತ, ನೀರು ಎಂಬ ಎರಡು ಮಾತು ಮಾತ್ರ ನನಗೆ ತಿಳಿಯಿತು. ಅಜ್ಜಿ ಟೀಚರ್ ಕಡೆ ನೋಡಿದರು.

ಟೀಚರ್ ಅವರ ಪಕ್ಕ ಬಂದು ಕೂತು ಮೆಲ್ಲಗೆ ಹೇಳಿದಳು: "ತಾತ ಸತ್ತಿದ್ದು ನಾನು ಕೊಟ್ಟ ನೀರು ಕುಡಿದಾ ಅಂತ ಕೇಳ್ತಿದ್ದಾಳೆ ಅಜ್ಜಿ."

ಹುಡುಗಿ ಚಿಕ್ಕವಳಿದ್ದಾಗ, ಬೇಸಿಗೆ ರಜೆಗೆ ಹಳ್ಳಿಗೆ ಹೋಗಿದ್ದಳಂತೆ. ಹೊಲದಿಂದ ಬಂದ ತಾತನಿಗೆ ಚೊಂಬಿನಲ್ಲಿ ನೀರು ಕೊಟ್ಟಳು. ಕುಡಿದು ಚೊಂಬು ಕೆಳಗಿಟ್ಟವರು ಹಾಗೇ ಕುಸಿದರು. ಎದೆನೋವು ಬೆಳಗ್ಗೆಯೇ ಶುರುವಾಗಿತ್ತು. ಅದು ಮನೆಯವರಿಗೆಲ್ಲ ಗೊತ್ತಿತ್ತು. ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಲು ಯಾರಿಗೂ ಬರುತ್ತಿರಲಿಲ್ಲ.

ಅಜ್ಜಿ ಅಳಲಿಲ್ಲ. ಅಲ್ಲ, ಅಲ್ಲ ಎಂದು ಕೈಯಾಡಿಸಿದರು. ತಮ್ಮ ಎದೆಯ ಮೇಲೆ ಮುಷ್ಟಿ ಇಟ್ಟು ಗುಂಡಿಗೆ ಬಡಿಯುವಂತೆ ಆಡಿಸಿ, ಮುಷ್ಟಿಯನ್ನು ಮೆಲ್ಲಗೆ ನಿಲ್ಲಿಸಿದರು. ಆಮೇಲೆ ನೀರು ಎಂದು ತೋರಿಸಿ, ಒಳ್ಳೇದು ಎಂದರು. ಹುಡುಗಿ ಅವರ ತೊಡೆಯ ಮೇಲೆ ತಲೆಯಿಟ್ಟಳು. ನಾವೆಲ್ಲ ಟೀ ಲೋಟ ತೊಳೆಯುವ ನೆಪ ಮಾಡಿಕೊಂಡು ಹೊರಗೆ ಬಂದೆವು.

ಮುಂದಿನ ವಾರ ಆಟೋ ನಿಲ್ಲಿಸಿ ಅಪ್ಪ ಒಳಗೆ ಬಂದ, ಖಾಕಿ ಅಂಗಿಯಲ್ಲೇ. "ಇವ್ಳು ಆಗ ಊಟಾನೇ ಮುಟ್ತಿರ್ಲಿಲ್ಲ ಮೇಡಂ. ತಾತ ಹೋದ ದುಃಖ ಅಂದ್ಕೊಂಡ್ಬುಟ್ವಿ" ಅಂದು ಹಿಂದಿನ ಬೆಂಚಿನಲ್ಲಿ ಕೂತ.

ಮಗುವಿಗೆ ಜ್ವರ ಬಂದರೆ ಎಲ್ಲಿ ನೋವು ಎಂದು ತಾಯಿ ಕೇಳುವಂತಾದರೆ ಸಾಕು ಎಂದುಕೊಂಡೇ ನಾನು ಈ ಕೆಲಸಕ್ಕೆ ಸೇರಿದ್ದೆ. ಇಷ್ಟು ಅಕ್ಕರೆಯ ಮನೆಯ ನಡುವೆ ಒಂದು ಮಗು ಅಂಥ ಪ್ರಶ್ನೆಯೊಂದನ್ನು ಒಂಟಿಯಾಗಿ ಹೊತ್ತು ಬೆಳೆಯಬಹುದು ಎಂದು ನನಗೆ ಹೊಳೆದಿರಲಿಲ್ಲ. ಈಗಲೂ ಯಾವುದಾದರೂ ಮಗು ಸುಮ್ಮನೆ ಕೂತಿದ್ದರೆ ನೋಡುತ್ತಾ ನಿಲ್ಲುತ್ತೇನೆ.

ಮೊನ್ನೆ ಸಿಟಿ ಬಸ್ಸಿನಲ್ಲಿ ಆ ಅಜ್ಜಿ ಮೊಮ್ಮಗಳು ಸಿಕ್ಕರು. ಇಬ್ಬರ ಕೈಗಳೂ ಬಿರುಸಾಗಿ ಓಡುತ್ತಿದ್ದವು, ಜನ ತಿರುಗಿ ನೋಡುತ್ತಿದ್ದರು.

"ಏನಜ್ಜಿ?" ಅಂದೆ.

"ಕೂದ್ಲು ಕತ್ತರಿಸ್ಕೋತಾಳಂತೆ ಕಣಮ್ಮ. ಬ್ಯಾಡ ಅಂದ್ರೆ ಬೆಳಗ್ಗಿಂದ ಎದುರು ಮಾತು" ಅಂದರು.

ಅವರು ಮತ್ತೆ ಕೈ ಎತ್ತುವಷ್ಟರಲ್ಲಿ ಹುಡುಗಿ ಕಿಟಕಿಯ ಕಡೆ ತಿರುಗಿ ಕೂತಳು, ಅಜ್ಜಿಯ ಕೈ ಕಾಣದ ಹಾಗೆ.